ಬೆಂಕಿ ಹಚ್ಚುವ ಮುಂಚೆ: ಒಂದು ಕ್ಯಾರವಾನ್ ಪ್ರವಾಸದ ದಿನಚರಿ

ಹೊರಡುವ ಹಿಂದಿನ ದಿನ

ಬಾಡಿಗೆ ಕ್ಯಾರವಾನ್, ಅಂದರೆ ಹಾಸಿಗೆ, ಒಲೆ ಎಲ್ಲ ಇರುವ ಗಾಲಿಮನೆ, ಮಧ್ಯಾಹ್ನವೇ ಕೈಗೆ ಬಂತು. ಮಕ್ಕಳು ಒಳಗೆ ನುಗ್ಗಿ ಹಾಸಿಗೆ ಹಂಚಿಕೊಳ್ಳುವಷ್ಟರಲ್ಲಿ ಭಾವ ಹೊರಗೆ ಸಿಲಿಂಡರ್ ಇಡುವ ಪೆಟ್ಟಿಗೆಯ ಬಾಗಿಲು ತೆಗೆದಿದ್ದರು. ಹೊರಟಿದ್ದವರು ಅಕ್ಕ, ಭಾವ, ಅವರ ಮಗಳು, ಮಗ ಮತ್ತು ನಾನು. ಅಕ್ಕ, ಭಾವ, ಹುಡುಗ ಕ್ಯಾರವಾನ್ ಒಳಗೆ ಮಲಗುವುದು, ನಾನು ಮತ್ತು ಮಗಳು ಪಕ್ಕದಲ್ಲಿ ಟೆಂಟ್ ಹಾಕಿಕೊಳ್ಳುವುದು ಎಂದು ಮಾತಾಗಿತ್ತು.

ಗ್ಯಾಸ್ ಪೈಪಿನಿಂದ ಶುರು ಮಾಡಿದೆವು. ರಬ್ಬರ್ ಪೈಪಿನ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ. ಅದನ್ನು ಓದಿ, ಆಮೇಲೆ ಪೈಪನ್ನು ಸ್ವಲ್ಪ ಬಗ್ಗಿಸಿ ನೋಡಬೇಕು. ಸಣ್ಣ ಸಣ್ಣ ಬಿರುಕು ಕಂಡರೆ ವರ್ಷ ಏನೇ ಇರಲಿ, ಬದಲಾಯಿಸಲೇಬೇಕು. ನಮ್ಮದು ರೆಗ್ಯುಲೇಟರ್ ಹತ್ತಿರ ಬಿರುಕು ಬಿಟ್ಟಿತ್ತು. ಕ್ಯಾರವಾನ್ ಕೊಟ್ಟವರಿಗೆ ಫೋನ್ ಮಾಡಿದೆವು, ಬಂದು ಹೊಸದು ಹಾಕಿಕೊಟ್ಟರು. ಆಮೇಲೂ ಭಾವ ಸೋಪಿನ ನೀರು ಕಲಸಿ ಪ್ರತಿ ಜೋಡಣೆಗೂ ಬ್ರಷ್‌ನಿಂದ ಹಚ್ಚಿದರು. ಸೋರಿಕೆ ಇದ್ದರೆ ಗುಳ್ಳೆ ಏಳುತ್ತದೆ. ಕಡ್ಡಿ ಗೀರಿ ಪರೀಕ್ಷೆ ಮಾಡುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

"ಗ್ಯಾಸ್ ಸೋರಿದರೆ ಕಿಟಕಿ ತೆಗೆದರೆ ಸಾಕಲ್ವಾ ಅಪ್ಪ?" ಎಂದು ಮಗಳು ಕೇಳಿದಳು.

ಭಾವ ಅವಳನ್ನು ಒಳಗೆ ಕರೆದುಕೊಂಡು ಹೋಗಿ ನೆಲದ ಜಾಲರಿ ತೋರಿಸಿದರು. ಸಿಲಿಂಡರಿನ ಗ್ಯಾಸ್ ಎಂದರೆ ಪ್ರೊಪೇನ್, ಬ್ಯುಟೇನ್. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಬ್ಯುಟೇನ್ ಎರಡು ಪಟ್ಟು. ಸೋರಿದ ಗ್ಯಾಸ್ ಮೇಲೇರುವುದಿಲ್ಲ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ಅದು ತಾನಾಗಿ ಕೆಳಗೆ ಇಳಿದು ಹೋಗಲಿ ಎಂದೇ ನೆಲದಲ್ಲಿ ಜಾಲರಿ ಇಟ್ಟಿರುತ್ತಾರೆ. ಚಳಿ ಬರುತ್ತೆ, ಹುಳ ಬರುತ್ತೆ ಎಂದು ಅದರ ಮೇಲೆ ಚಾಪೆ ಎಳೆಯುವವರೇ ಜಾಸ್ತಿ. ಒಳಗಿನ ಗಾಳಿಯಲ್ಲಿ ಗ್ಯಾಸ್ ನೂರಕ್ಕೆ ಎರಡು ಭಾಗ ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳಬಹುದು. ಲೈಟಿನ ಸ್ವಿಚ್ ಒತ್ತಿದರೂ ಆ ಕಿಡಿ ಹುಟ್ಟಬಹುದು.

ಈ ಗ್ಯಾಸಿಗೆ ಸ್ವಂತದ್ದು ಎನ್ನುವ ವಾಸನೆ ಹೆಚ್ಚುಕಡಿಮೆ ಇಲ್ಲ. ನಮಗೆ ಬರುವ ಕೆಟ್ಟ ವಾಸನೆ ಬೇಕೆಂದೇ ಬೆರೆಸಿದ್ದು. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಸೋರಿ, ತುಂಬಿಕೊಂಡು, ಸ್ಫೋಟವಾಯಿತು. ಸುಮಾರು 300 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಗ್ಯಾಸಿಗೆ ವಾಸನೆ ಸೇರಿಸಲೇಬೇಕು ಎನ್ನುವ ಕಾನೂನು ಅಲ್ಲಿ ಬಂದದ್ದು ಅದಾದ ಮೇಲೆ. ಆ ವಾಸನೆ ಬಂದ ಕ್ಷಣ ಸ್ವಿಚ್ ಮುಟ್ಟದೆ, ಸಿಲಿಂಡರ್ ಮುಚ್ಚಿ, ಬಾಗಿಲು ತೆರೆದು ಹೊರಗೆ ಬರಬೇಕು. ಮಕ್ಕಳಿಗೆ ಇದನ್ನು ಅವತ್ತೇ ಹೇಳಿಕೊಟ್ಟೆವು.

ಅಲಾರಂ ಮೂರು ಇದ್ದವು. ಗ್ಯಾಸಿನದ್ದು ನೆಲದ ಹತ್ತಿರ, ಹೊಗೆಯದ್ದು ಚಾವಣಿಯಲ್ಲಿ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ್ದು ಗೋಡೆಯ ಮೇಲೆ ಮುಖದ ಮಟ್ಟಕ್ಕೆ. ಮೂರರ ಗುಂಡಿಯನ್ನೂ ಒತ್ತಿ ಸದ್ದು ಕೇಳಿದೆವು. ಬಾಗಿಲ ಪಕ್ಕ ಒಂದು ಕೆಜಿಯ ಪುಡಿ ತುಂಬಿದ ಅಗ್ನಿಶಾಮಕ, ಒಲೆಯ ಹತ್ತಿರ ಬೆಂಕಿ ಆರಿಸುವ ಕಂಬಳಿ. ಅಗ್ನಿಶಾಮಕದ ಮುಳ್ಳು ಹಸಿರು ಭಾಗದಲ್ಲಿತ್ತು. ಅಷ್ಟು ಚಿಕ್ಕ ಡಬ್ಬಿ ಹತ್ತು ಸೆಕೆಂಡಿನೊಳಗೆ ಖಾಲಿಯಾಗುತ್ತದೆ. ಆ ಪುಡಿ ಮುಚ್ಚಿದ ಜಾಗದಲ್ಲಿ ಕಣ್ಣು ಕಾಣದಂತೆ ಮಾಡುತ್ತದೆ. ಅದಕ್ಕೇ ನಮ್ಮ ನಿಯಮ ಹೀಗಿತ್ತು: ಮೊದಲು ಎಲ್ಲರೂ ಹೊರಗೆ. ಬೆಂಕಿ ಚಿಕ್ಕದಿದ್ದು, ಬೆನ್ನ ಹಿಂದೆ ಬಾಗಿಲು ತೆರೆದಿದ್ದರೆ ಮಾತ್ರ ಭಾವ ಪಿನ್ ಎಳೆದು, ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಅತ್ತಿಂದಿತ್ತ ಆಡಿಸುವುದು.

ಮೊದಲ ದಿನ

ಬೆಳಗ್ಗೆ ಹೊರಡುವ ಮುಂಚೆ ಸಿಲಿಂಡರ್ ವಾಲ್ವ್ ಮುಚ್ಚಿ, ನೆಟ್ಟಗೆ ನಿಲ್ಲಿಸಿ, ಬೆಲ್ಟ್ ಬಿಗಿದೆವು. ಅಡ್ಡ ಮಲಗಿಸಿದರೆ ಗ್ಯಾಸ್ ಬದಲು ದ್ರವವೇ ಹೊರಬರಬಹುದು. ಒಂದು ಲೀಟರ್ ದ್ರವ ಪ್ರೊಪೇನ್ ಸುಮಾರು 270 ಲೀಟರ್ ಗ್ಯಾಸ್ ಆಗುತ್ತದೆ ಎಂದು ನೆನಪಿಟ್ಟುಕೊಂಡರೆ ಬೆಲ್ಟ್ ಬಿಗಿಯಲು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಫ್ರಿಜ್ ವಿಷಯಕ್ಕೆ ಸ್ವಲ್ಪ ಮಾತಾಯಿತು. ಕ್ಯಾರವಾನ್‌ನ ಕೆಲವು ಫ್ರಿಜ್‌ಗಳು ಗ್ಯಾಸಿನಲ್ಲೂ ನಡೆಯುತ್ತವೆ. ಒಳಗೆ ಒಂದು ಸಣ್ಣ ಜ್ವಾಲೆ ಉರಿಯುತ್ತಲೇ ಇರುತ್ತದೆ. ದಾರಿಯಲ್ಲಿ ತಂಪು ಉಳಿಯಲಿ ಎಂದು ಅಕ್ಕನಿಗೆ ಆಸೆ. "ಆ ಜ್ವಾಲೆ ಇಟ್ಟುಕೊಂಡು ಪೆಟ್ರೋಲ್ ಬಂಕಿಗೆ ಹೋಗೋಕೆ ಆಗಲ್ಲ ಕಣೇ" ಎಂದರು ಭಾವ. ಫ್ರಿಜ್ಜನ್ನು ಬ್ಯಾಟರಿಗೆ ಬದಲಾಯಿಸಿದೆವು.

ಸಂಜೆಯ ಹೊತ್ತಿಗೆ ಸರೋವರದ ಪಕ್ಕದ ಶಿಬಿರ ತಲುಪಿದೆವು. ದಣಿದಾಗ ಸಿಕ್ಕಿದ ಜಾಗದಲ್ಲೇ ಗಾಡಿ ನಿಲ್ಲಿಸೋಣ ಅನಿಸುತ್ತದೆ. ಆದರೆ ಇಡೀ ಪ್ರವಾಸದಲ್ಲಿ ಹೆಚ್ಚು ಯೋಚನೆ ಬೇಡುವ ಕೆಲಸ ಇದೇ ಎಂದು ನನಗೆ ಅನಿಸುತ್ತದೆ. ಒಂದು ಕ್ಯಾರವಾನ್‌ನಿಂದ ಇನ್ನೊಂದಕ್ಕೆ 6 ಮೀಟರ್ ಅಂತರ ಇರಬೇಕು ಎಂಬುದು ಎಷ್ಟೋ ಶಿಬಿರಗಳ ನಿಯಮ. ಒಂದಕ್ಕೆ ಹತ್ತಿದ್ದು ಪಕ್ಕದ್ದಕ್ಕೆ ಹಾರಬಾರದು, ನಡುವೆ ಜನ ಓಡಲು, ಅಗ್ನಿಶಾಮಕ ವಾಹನ ನುಗ್ಗಲು ಜಾಗ ಬೇಕು. ಆ ಖಾಲಿ ಜಾಗದಲ್ಲಿ ಕಾರು, ಟೆಂಟ್, ಕುರ್ಚಿ ತುಂಬಿದರೆ ಅಂತರ ಬಿಟ್ಟೂ ಬಿಡದಂತೆ. ನಮಗೆ ನೀರಿನ ಅಂಚಿನಲ್ಲಿ ಒಂದು ಸುಂದರ ಜಾಗ ಕಂಡಿತ್ತು, ಆದರೆ ಎರಡೂ ಪಕ್ಕ ಇಕ್ಕಟ್ಟು. ಬಿಟ್ಟು ಹಿಂದೆ ಬಂದೆವು. ಗಾಡಿಯ ಮುಖ ಹೊರದಾರಿಯ ಕಡೆಗೆ ಇರುವಂತೆ ನಿಲ್ಲಿಸಿದೆವು.

ನಮ್ಮ ಟೆಂಟನ್ನು ಗಾಳಿ ಬರುವ ಕಡೆಗೆ, ಅಡುಗೆ ಮಾಡುವ ಜಾಗದಿಂದ ದೂರ ಹಾಕಿದೆವು. ನೈಲಾನ್ ಬಟ್ಟೆ ಸುಮಾರು 220 ಡಿಗ್ರಿಗೆ ಕರಗಲು ಶುರುವಾಗುತ್ತದೆ. ಕರಗಿದ್ದು ಚರ್ಮಕ್ಕೆ ಅಂಟುತ್ತದೆ. 'ಬೆಂಕಿ ನಿರೋಧಕ' ಎಂದು ಚೀಟಿ ಇದ್ದರೂ ಅದು ಉರಿಯುವುದು ತಡವಾಗುತ್ತದೆ ಅಷ್ಟೇ. ಬೆಂಕಿ ಸರಿಯಾಗಿ ಹಿಡಿದರೆ ಒಂದು ನಿಮಿಷದೊಳಗೆ ಟೆಂಟ್ ಪೂರ್ತಿ ಹೋಗಬಹುದು. ಜಿಪ್ ಹುಡುಕಿ ಎಳೆಯಲು ಎಷ್ಟು ಹೊತ್ತು ಬೇಕು ಎಂದು ಕತ್ತಲಲ್ಲಿ ಒಮ್ಮೆ ನೋಡಿ, ಗೊತ್ತಾಗುತ್ತದೆ. ನಾನು ತಲೆದೆಸೆಯಲ್ಲಿ ಒಂದು ಚಾಕು ಇಟ್ಟುಕೊಂಡೆ. ಜಿಪ್ ಸಿಗದಿದ್ದರೆ ಬಟ್ಟೆ ಸೀಳಿಕೊಂಡು ಹೊರಬರಬೇಕು.

ಕತ್ತಲಾಗುವ ಮುಂಚೆ ಮಕ್ಕಳನ್ನು ಕರೆದುಕೊಂಡು ಶಿಬಿರದ ಒಂದು ಸುತ್ತು ಹಾಕಿದೆವು. ನೀರಿನ ನಲ್ಲಿ ಎಲ್ಲಿ, ಮರಳಿನ ಬಕೆಟ್ ಎಲ್ಲಿ, ಗಂಟೆ ಎಲ್ಲಿ, ಏನಾದರೂ ಆದರೆ ಎಲ್ಲರೂ ಸೇರುವ ಮರ ಯಾವುದು. ಹುಡುಗ ಎರಡು ಸಲ ಕಣ್ಣು ಮುಚ್ಚಿಕೊಂಡು ಹಾಸಿಗೆಯಿಂದ ಬಾಗಿಲವರೆಗೆ ತಡವರಿಸಿಕೊಂಡು ಬಂದು ಚಿಲಕ ತೆಗೆದ. ತುರ್ತು ಸಂಖ್ಯೆಯನ್ನೂ ನಾವಿರುವ ಜಾಗದ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆವು. ಹೊಸ ಜಾಗದಲ್ಲಿ, ಗಾಬರಿಯಲ್ಲಿ, 'ನೀವು ಎಲ್ಲಿದ್ದೀರಿ' ಎಂದು ಆ ಕಡೆಯಿಂದ ಕೇಳಿದಾಗ ಬಾಯಿ ಕಟ್ಟುತ್ತದೆ.

ರಾತ್ರಿ ಬೆಳಕಿಗೆ ಬ್ಯಾಟರಿ ದೀಪ ಮಾತ್ರ. ಮೇಣದ ಬತ್ತಿಯನ್ನು ಟೆಂಟ್ ಒಳಗೆ ತರುವ ಮಾತೇ ಇರಲಿಲ್ಲ.

ಎರಡನೆಯ ದಿನ

ಅಡುಗೆ ಹೊರಗೆ, ಬಯಲಲ್ಲಿ. ಸಮತಟ್ಟಾದ ನೆಲದ ಮೇಲೆ ಸ್ಟೌ ಇಟ್ಟು, ಅದರ ಸುತ್ತ ಮಕ್ಕಳು ಓಡಬಾರದು ಎಂದು ಹಗ್ಗದಿಂದ ಗುರುತು ಮಾಡಿದೆವು. ಟೆಂಟಿನ ಹಗ್ಗಗಳಿಗೆ ಬಿಳಿ ಬಟ್ಟೆಯ ತುಂಡು ಕಟ್ಟಿದೆವು. ಎಡವಿ ಸ್ಟೌ ಮೇಲೆ ಬೀಳುವುದು ಶಿಬಿರಗಳಲ್ಲಿ ಸುಲಭವಾಗಿ ಆಗುವ ಅಪಘಾತ.

ಪಕ್ಕದ ಟೆಂಟಿನಲ್ಲಿ ಮೂವರು ಹುಡುಗರಿದ್ದರು. ಸಣ್ಣ ಕಾರ್ಟ್ರಿಡ್ಜ್ ಸ್ಟೌ (ಚಿಕ್ಕ ಗ್ಯಾಸ್ ಡಬ್ಬಿ ಜೋಡಿಸುವ ಒಲೆ) ಮೇಲೆ ದೊಡ್ಡ ಪಾತ್ರೆ ಇಟ್ಟು, ಗಾಳಿ ತಡೆಯಲು ಸುತ್ತಲೂ ತಗಡು ನಿಲ್ಲಿಸಿದ್ದರು. ಭಾವ ನೋಡಿ ಎದ್ದು ಹೋದರು. ಪಾತ್ರೆ ಒಲೆಗಿಂತ ಅಗಲವಾಗಿದ್ದರೆ ಅದರ ತಳಕ್ಕೆ ಬಡಿದ ಬಿಸಿ ಕೆಳಗೆ ತಿರುಗಿ ಕಾರ್ಟ್ರಿಡ್ಜ್ ಮೇಲೆ ಬರುತ್ತದೆ. ಸುತ್ತ ತಗಡು ಬೇರೆ ಇದ್ದರೆ ಬಿಸಿ ಹೋಗಲು ದಾರಿಯೇ ಇಲ್ಲ. ಒಳಗಿನ ದ್ರವ ಹಿಗ್ಗಿ, ಒತ್ತಡ ಏರಿ, ಡಬ್ಬಿ ಸಿಡಿಯುತ್ತದೆ. ದೊಡ್ಡ ಸಿಲಿಂಡರನ್ನು ಸುಮಾರು ಶೇಕಡಾ 80ರಷ್ಟೇ ತುಂಬುವುದೂ ಇದೇ ಕಾರಣಕ್ಕೆ, ದ್ರವ ಹಿಗ್ಗಲು ಜಾಗ ಬೇಕು. ಆ ಜಾಗ ಬಿಡದಿದ್ದರೆ ಏನಾಗುತ್ತದೆ ಎಂಬುದನ್ನು 1978ರ ಜುಲೈ 11ರಂದು ಸ್ಪೇನ್‌ನ ಲೋಸ್ ಆಲ್ಫಾಕೆಸ್ ಶಿಬಿರದಲ್ಲಿ ಜಗತ್ತು ನೋಡಿದೆ. ಪ್ರೊಪಿಲೀನ್ ಎಂಬ ಉರಿಯುವ ಅನಿಲವನ್ನು ದ್ರವರೂಪದಲ್ಲಿ ಅಳತೆ ಮೀರಿ ತುಂಬಿದ್ದ ಟ್ಯಾಂಕರ್ ಲಾರಿಯೊಂದು ಶಿಬಿರದ ಪಕ್ಕದ ರಸ್ತೆಯಲ್ಲೇ ಹೊತ್ತಿ ಸಿಡಿಯಿತು. ರಜೆಗೆ ಬಂದಿದ್ದ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹುಡುಗರು ಕೇಳಿ ಸುಮ್ಮನಾದರು, ತಗಡು ತೆಗೆದರು, ಪಾತ್ರೆಯನ್ನೂ ಬದಲಾಯಿಸಿದರು.

ಮಧ್ಯಾಹ್ನ ಅಕ್ಕ ಕ್ಯಾರವಾನ್ ಒಳಗೆ ಎಣ್ಣೆ ಕಾಯಿಸುವಾಗ ಮಗಳು ಪಕ್ಕದಲ್ಲೇ ನಿಂತಿದ್ದಳು. "ಬಾಣಲೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು" ಎಂದು ಅವಳಿಗೆ ಗೊತ್ತಿತ್ತು. ಯಾಕೆ ಎಂದು ಗೊತ್ತಿರಲಿಲ್ಲ. ನೀರು ಎಣ್ಣೆಯ ಕೆಳಗೆ ಇಳಿದು ಒಮ್ಮೆಲೇ ಆವಿಯಾಗುತ್ತದೆ. ಆವಿಯಾದಾಗ ಸುಮಾರು 1700 ಪಟ್ಟು ಹಿಗ್ಗುತ್ತದೆ. ಉರಿಯುವ ಎಣ್ಣೆಯನ್ನು ಚಾವಣಿಗೆ ಎರಚುವುದು ಆ ಆವಿಯೇ. ಗ್ಯಾಸ್ ಆರಿಸಿ, ಕಂಬಳಿಯ ಅಂಚಿನಲ್ಲಿ ಕೈ ಸುತ್ತಿ, ನಮ್ಮ ಕಡೆಯಿಂದ ಆಚೆಗೆ ಮುಚ್ಚಿ, ಹಾಗೇ ಬಿಡಬೇಕು. ಆರಿದೆಯಾ ಎಂದು ಬೇಗ ಎತ್ತಿ ನೋಡಿದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಖಾಲಿ ಬಾಣಲೆ ಇಟ್ಟು ಅವಳು ಕಂಬಳಿ ಮುಚ್ಚುವುದನ್ನು ಅಭ್ಯಾಸ ಮಾಡಿದಳು.

ಮೂರನೆಯ ದಿನ

ರಾತ್ರಿಯಿಡೀ ಮಳೆ. ಬೆಳಗ್ಗೆ ಮೈ ಕೊರೆಯುವ ಚಳಿ. ಹುಡುಗರ ಕಾರ್ಟ್ರಿಡ್ಜ್ ಸ್ಟೌ ಹೊತ್ತಲೇ ಇಲ್ಲವಂತೆ. ಅವರ ಡಬ್ಬಿಯಲ್ಲಿದ್ದ ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಹೀಗೆ ಸೋತ ಡಬ್ಬಿಯನ್ನು ಬೆಂಕಿಯ ಹತ್ತಿರ ಹಿಡಿದು ಬೆಚ್ಚಗೆ ಮಾಡುವವರಿದ್ದಾರೆ. ಅದಕ್ಕಿಂತ ಅಪಾಯ ಇನ್ನೊಂದಿಲ್ಲ. ಈ ಹುಡುಗರು ಅದನ್ನು ಮಾಡಲಿಲ್ಲ. ಇದ್ದಿಲಿನ ಬಾರ್ಬೆಕ್ಯೂ ಹಚ್ಚಿ, ಮಳೆ ಜೋರಾದಾಗ ಅದನ್ನು ಟೆಂಟಿನ ಮುಂಭಾಗದೊಳಗೆ ಎಳೆದುಕೊಂಡು ಜಿಪ್ ಹಾಕಿಕೊಂಡಿದ್ದರು.

ನಾನು ನೀರಿಗೆ ಹೋಗುವಾಗ ಟೆಂಟಿನಿಂದ ಇದ್ದಿಲಿನ ವಾಸನೆ ಬಂತು. ಭಾವನನ್ನು ಕೂಗಿದೆ. ಅವರು ಹೊರಗಿನಿಂದಲೇ ಜಿಪ್ ಎಳೆದರು. "ಏನ್ರಪ್ಪಾ, ಮೊದಲು ಎಲ್ಲರೂ ಹೊರಗೆ ಬನ್ನಿ."

"ಅಂಕಲ್, ಬೆಂಕಿ ಆರಿದೆ. ಬರೀ ಕೆಂಡ" ಎಂದ ಒಬ್ಬ.

ಜೀವ ಹೋಗುವುದು ಆ ಕೆಂಡದಿಂದಲೇ. ಜ್ವಾಲೆ ನಿಂತ ಮೇಲೂ ಇದ್ದಿಲು ಗಂಟೆಗಟ್ಟಲೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಿರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ಮಂಕು. ನೆಗಡಿ ಜ್ವರ ಬಂತೇನೋ ಎಂದು ಮಲಗಿಬಿಡುತ್ತಾರೆ. ಕೆಲವರು ಏಳುವುದೇ ಇಲ್ಲ.

ಇಬ್ಬರು ಚೆನ್ನಾಗಿಯೇ ಇದ್ದರು. ಒಬ್ಬನಿಗೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಶಿಬಿರ ನೋಡಿಕೊಳ್ಳುವವರು ರಕ್ತದ ಆಮ್ಲಜನಕವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಂದರು. 98 ತೋರಿಸಿತು. "ಸರಿಯಾಗೇ ಇದೆಯಲ್ಲಾ" ಎಂದು ಎಲ್ಲರಿಗೂ ಸಮಾಧಾನ. ಭಾವ ಒಪ್ಪಲಿಲ್ಲ. ಬೆರಳಿನ ಆ ಸಾಧನಕ್ಕೆ ಆಮ್ಲಜನಕ ಹಿಡಿದ ಹಿಮೋಗ್ಲೋಬಿನ್ ಯಾವುದು, ವಿಷಾನಿಲ ಹಿಡಿದದ್ದು ಯಾವುದು ಎಂದು ಬೇರೆ ಮಾಡಲು ಬರುವುದಿಲ್ಲ. ಎರಡನ್ನೂ ಸೇರಿಸಿ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಇದು ಎಲ್ಲರಿಗೂ ಗೊತ್ತಿರಬೇಕು ಎಂದು ಇಲ್ಲಿ ಒತ್ತಿ ಬರೆಯುತ್ತಿದ್ದೇನೆ. ಹುಡುಗನನ್ನು ನಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆ ಮಾಡಿ, ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ಬರೀ ಹೊರಗಿನ ಗಾಳಿಯಲ್ಲಿ ಕೂತರೆ ರಕ್ತದಲ್ಲಿನ ಆ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯ ಆಸುಪಾಸು. ಸಂಜೆ ಅವನು ನಗುತ್ತಾ ವಾಪಸ್ ಬಂದ.

ಆ ರಾತ್ರಿ ನಮಗೂ ಚಳಿ. ಒಲೆ ಹಚ್ಚಿ ಕ್ಯಾರವಾನ್ ಬೆಚ್ಚಗೆ ಮಾಡೋಣ ಎಂದು ಯಾರೂ ಹೇಳಲಿಲ್ಲ. ಒಲೆ ಅಡುಗೆಗೆ ಮಾತ್ರ, ಅದೂ ಕಿಟಕಿ ತೆರೆದು. ಗಾಳಿಗಂಡಿಗಳನ್ನು ಹಾಗೇ ತೆರೆದಿಟ್ಟು, ಇನ್ನೊಂದು ಹೊದಿಕೆ ಹೊದ್ದು ಮಲಗಿದೆವು.

ನಾಲ್ಕನೆಯ ದಿನ

ಮಳೆಯ ಕಡೆಯಿಂದ ಬೆಟ್ಟದ ಆಚೆಗೆ ಹೋದೆವು. ಒಂದೇ ದಿನದ ದಾರಿ, ಆದರೆ ಬೇರೆಯೇ ಲೋಕ. ಹುಲ್ಲು ಒಣಗಿ ಹಳದಿಯಾಗಿತ್ತು, ಗಾಳಿ ಜೋರು. ಕಾಡಿನ ಬಾಗಿಲಲ್ಲಿ ಇವತ್ತು ಯಾವ ಬೆಂಕಿಯೂ ಬೇಡ ಎಂಬ ಫಲಕ. ಮಕ್ಕಳು ಕ್ಯಾಂಪ್‌ಫೈರ್‌ಗೆಂದೇ ಕಾದಿದ್ದವರು. "ಚಿಕ್ಕಿ, ಚಿಕ್ಕದಾಗಿ ಮಾಡಿದರೂ ಬೇಡ್ವಾ?" ಎಂದ ಹುಡುಗ. ಬೇಡ. ಗಾಳಿಯಲ್ಲಿ ಹಾರಿದ ಒಂದು ಕಿಡಿ ಎಲ್ಲಿ ಬೀಳುತ್ತದೆ ಎಂದು ಹೇಳುವುದು ಯಾರಿಗೂ ಸಾಧ್ಯವಿಲ್ಲ. ಬೆಂಕಿ ಏರಿನಲ್ಲಿ ಬೇಗ ಓಡುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಾದರೆ ಅದರ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಮೇಲೆ ಇರುವ ಎಲೆ, ಕೊಂಬೆ ಬೆಂಕಿ ತಲುಪುವ ಮುಂಚೆಯೇ ಕಾದು ಒಣಗಿರುತ್ತವೆ. ನಾವು ಇಳಿಜಾರಿನ ಮೇಲ್ಭಾಗ ಬಿಟ್ಟು ಕೆಳಗಿನ ಜಲ್ಲಿ ನೆಲದಲ್ಲಿ ನಿಂತೆವು.

ಜಲ್ಲಿ ನೆಲ ಹುಡುಕಲು ಇನ್ನೊಂದು ಕಾರಣವೂ ಇತ್ತು. ದೂರ ಓಡಿದ ಕಾರಿನ ಹೊಗೆ ಕೊಳವೆ, ಅದರ ಮಧ್ಯದಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ನೂರಾರು ಡಿಗ್ರಿ ಕಾದಿರುತ್ತದೆ. ಎತ್ತರದ ಒಣ ಹುಲ್ಲಿನ ಮೇಲೆ ನಿಲ್ಲಿಸಿದರೆ ಕಾರಿನ ಕೆಳಗೇ ಬೆಂಕಿ ಹುಟ್ಟಬಹುದು. ಕಾಡಿನಲ್ಲಿ ಕಡ್ಡಿ ಗೀರದಿದ್ದರೂ ಬೆಂಕಿ ತರಬಹುದು ಎಂಬುದು ಮಕ್ಕಳಿಗೆ ಹೊಸ ವಿಷಯ.

ಆ ದಿನ ಒಲೆ ಹಚ್ಚಲಿಲ್ಲ. ತಣ್ಣನೆಯ ಊಟ.

ಐದನೆಯ ದಿನ

ನದಿಯ ಪಕ್ಕದ ಶಿಬಿರ. ಇಲ್ಲಿ ಬೆಂಕಿಗೆ ಅನುಮತಿ ಇತ್ತು, ಕಬ್ಬಿಣದ ಬಳೆ ಹೂತ ಗುಂಡಿಯೂ ಇತ್ತು. ಗಾಳಿಯೂ ನಿಂತಿತ್ತು.

ಗುಂಡಿಯ ಮೇಲೆ ಹಿಂದಿನವರು ಮರಳು ಮುಚ್ಚಿ ಹೋಗಿದ್ದರು. ನೋಡಿದರೆ ತಣ್ಣಗಿದೆ ಅನಿಸುತ್ತಿತ್ತು. ಭಾವ ಕೋಲಿನಿಂದ ಕೆದಕಿದರು. ಒಳಗೆ ಕೆಂಪಗಿತ್ತು. ಮರಳು ಮುಚ್ಚಿದರೆ ಕೆಂಡ ಸಾಯುವುದಿಲ್ಲ, ಮರಳು ಬಿಸಿಯನ್ನು ಹಿಡಿದಿಡುತ್ತದೆ. ಮೇಲೆ ಏನೂ ಕಾಣದೆ ಬರಿಗಾಲಲ್ಲಿ ಓಡಿ ಬಂದ ಮಗು ಅದರ ಮೇಲೆ ಕಾಲಿಟ್ಟುಬಿಡುತ್ತದೆ. ನಮ್ಮ ಹುಡುಗ ಆಗಲೇ ಚಪ್ಪಲಿ ಬಿಟ್ಟು ನದಿಯ ಕಡೆ ಹೊರಟಿದ್ದ. ಅಕ್ಕ ಅವನನ್ನು ತಡೆದು ಹಿಂದಕ್ಕೆ ಎಳೆದುಕೊಂಡಳು. ಬಕೆಟ್ ಗಟ್ಟಲೆ ನೀರು ಸುರಿದು ಅದನ್ನು ಪೂರ್ತಿ ಆರಿಸಿದ ಮೇಲೆಯೇ ನಾವು ಮುಂದಿನ ಕೆಲಸಕ್ಕೆ ಹೋದದ್ದು.

ಗುಂಡಿಯ ಸುತ್ತ ಮೂರು ಹೆಜ್ಜೆ ದೂರದವರೆಗೆ ಒಣ ಎಲೆ, ಕಡ್ಡಿ ಗುಡಿಸಿದೆವು. ಮೇಲೆ ತಲೆಯೆತ್ತಿ ನೋಡಿದೆವು, ಬಾಗಿದ ಕೊಂಬೆ ಇರಲಿಲ್ಲ. ಟೆಂಟ್ ಐದು ಮೀಟರಿಗಿಂತ ದೂರ. ಮಗಳು ನದಿಯಿಂದ ದುಂಡು ಕಲ್ಲು ತಂದು ಸುತ್ತ ಜೋಡಿಸಲು ಹೊರಟಳು. ನದಿಯ ಕಲ್ಲಿನ ಸಂದುಗಳಲ್ಲಿ ನೀರು ಕೂತಿರುತ್ತದೆ. ಕಾದಾಗ ಅದು ಆವಿಯಾಗಿ ಕಲ್ಲು ಸಿಡಿಯಬಹುದು. ವಾಪಸ್ ಹಾಕಿ ಬಂದಳು. ಎರಡು ಬಕೆಟ್ ನೀರು, ಒಂದು ಸಲಿಕೆ ಪಕ್ಕಕ್ಕೆ ಇಟ್ಟು, ಆಮೇಲೆ ಕಡ್ಡಿ ಗೀರಿದ್ದು. ಬೆಂಕಿ ಹಚ್ಚಲು ಪೆಟ್ರೋಲ್, ಸ್ಪಿರಿಟ್ ಮುಟ್ಟಲೇ ಇಲ್ಲ. ಅದರ ಆವಿ ಸುರಿಯುವವನ ಕೈಗೇ ಬೆಂಕಿ ತರುತ್ತದೆ. ಒಣ ಚಕ್ಕೆ, ಸಣ್ಣ ಕಡ್ಡಿ, ತಾಳ್ಮೆ ಇದ್ದರೆ ಸಾಕು.

ಮಕ್ಕಳು ತುಂಬಾ ಖುಷಿಯಾಗಿದ್ದರು. ನಾವೂ. ಬೆಂಕಿಯ ಸುತ್ತ ಕೂತು ಹರಟುವ ಸುಖಕ್ಕೆ ಸಾಟಿ ಇಲ್ಲ. ಅದನ್ನು ಯಾರೂ ಬಿಡಬೇಕಾಗಿಲ್ಲ. ಒಬ್ಬ ದೊಡ್ಡವರು ಮಾತ್ರ ಸದಾ ಅಲ್ಲೇ ಇರಬೇಕು. ಆ ರಾತ್ರಿ ಆ ಸರದಿ ನನ್ನದು.

ಮಧ್ಯೆ ಒಂದು ಕಿಡಿ ಸಿಡಿದು ಮಗಳ ಕೈಗೆ ಬಿತ್ತು. ಅಕ್ಕ ತಕ್ಷಣ ಅವಳ ಬಳೆ ತೆಗೆದು, ನಲ್ಲಿಯ ಹರಿಯುವ ನೀರಿನ ಕೆಳಗೆ ಕೈ ಹಿಡಿಸಿದಳು. 20 ನಿಮಿಷ, ಗಡಿಯಾರ ನೋಡಿಕೊಂಡು. ಮಂಜುಗಡ್ಡೆ, ಬೆಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ. ಆಮೇಲೆ ಶುಚಿಯಾದ ಬಟ್ಟೆ ಸಡಿಲವಾಗಿ ಸುತ್ತಿದೆವು. ಬೆಳಗ್ಗೆ ಕೆಂಪು ಗುರುತು ಬಿಟ್ಟರೆ ಬೊಬ್ಬೆ ಎದ್ದಿರಲಿಲ್ಲ.

ಮಲಗುವ ಅರ್ಧ ಗಂಟೆ ಮುಂಚೆಯೇ ಬೆಂಕಿ ಆರಿಸಲು ಶುರು ಮಾಡಿದೆ. ನೀರು ಸುರಿಯುವುದು, ಸಲಿಕೆಯಿಂದ ಕಲಕುವುದು, ಮತ್ತೆ ನೀರು. ಮುಖ ಬಗ್ಗಿಸಿ ಸುರಿಯಬಾರದು, ಆವಿ ಎದ್ದು ಹೊಡೆಯುತ್ತದೆ. ಚುಯ್ ಎನ್ನುವ ಸದ್ದು ಪೂರ್ತಿ ನಿಂತ ಮೇಲೆ ಹಿಂಗೈಯನ್ನು ಹತ್ತಿರ ಹಿಡಿದು ನೋಡಿದೆ. ಬಿಸಿ ತಾಗಿದರೆ ಇನ್ನೂ ಆರಿಲ್ಲ. ಬೇರು ಇರುವ ಮಣ್ಣಿನಲ್ಲಿ ಬೆಂಕಿ ಒಳಗೊಳಗೇ ಹರಿದು ದಿನಗಳಾದ ಮೇಲೆ ಬೇರೆ ಕಡೆ ಏಳುವುದುಂಟು. ಹಾಗಾಗಿ ಗುಂಡಿಯ ಅಂಚಿನ ಮಣ್ಣಿಗೂ ನೀರು ಹಾಕಿದೆ.

ಕೊನೆಯ ದಿನ

ಕೊನೆಯ ರಾತ್ರಿ ಉಳಿದ ಶಿಬಿರದಲ್ಲಿ ವಿದ್ಯುತ್ ಸಂಪರ್ಕ ಇತ್ತು. ಉದ್ದದ ಕೇಬಲ್ ರೀಲ್‌ನಿಂದ ಬೇಕಾದಷ್ಟೇ ಎಳೆದು, ಉಳಿದದ್ದನ್ನು ಸುತ್ತಿಟ್ಟೇ ಹೀಟರ್ ಹಚ್ಚುವುದು ಎಲ್ಲರ ಅಭ್ಯಾಸ. ಸುತ್ತಿದ ತಂತಿಯ ಬಿಸಿ ಹೊರಗೆ ಹೋಗುವುದಿಲ್ಲ, ಪ್ಲಾಸ್ಟಿಕ್ ಕರಗುತ್ತದೆ. ಪೂರ್ತಿ ಬಿಚ್ಚಿ ಗಾಡಿಯ ಕೆಳಗೆ ಹರಡಿದೆವು. ಫೋನ್, ಪವರ್ ಬ್ಯಾಂಕ್‌ಗಳ ಚಾರ್ಜ್ ಹಗಲಲ್ಲೇ ಮುಗಿಸಿದೆವು, ದಿಂಬಿನ ಕೆಳಗೆ ಇಡಲಿಲ್ಲ. ಉಬ್ಬಿದ ಒಂದು ಪವರ್ ಬ್ಯಾಂಕ್ ಸಿಕ್ಕಿತು. ಲಿಥಿಯಂ ಬ್ಯಾಟರಿ ಒಳಗೆ ಕೆಟ್ಟರೆ ತನ್ನ ಬಿಸಿಯಿಂದ ತಾನೇ ಇನ್ನಷ್ಟು ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಅದನ್ನು ಗಾಡಿಯಿಂದ ದೂರ, ಕಲ್ಲಿನ ಮೇಲೆ ಇಟ್ಟು, ಶಿಬಿರದವರ ಹಳೆ ಬ್ಯಾಟರಿ ಪೆಟ್ಟಿಗೆಗೆ ಒಪ್ಪಿಸಿದೆವು.

ಕ್ಯಾರವಾನ್ ವಾಪಸ್ ಕೊಡುವಾಗ ಭಾವ ಅವರಿಗೆ ಎರಡು ವಿಷಯ ಬರೆದುಕೊಟ್ಟರು. ಹೊಗೆ ಅಲಾರಂ ಹಿಂದಿನ ರಾತ್ರಿಯಿಂದ ಆಗಾಗ ಚಿಕ್ ಎನ್ನುತ್ತಿದೆ, ಬ್ಯಾಟರಿ ಬದಲಾಯಿಸಬೇಕು. ಹಿಂದಿನ ಕಿಟಕಿಯ ಚಿಲಕ ಬಿಗಿ ಇದೆ, ಬಾಗಿಲ ಕಡೆ ಬೆಂಕಿ ಇದ್ದರೆ ಹೊರಬರಲು ಉಳಿಯುವುದು ಆ ಕಿಟಕಿ ಒಂದೇ. ಅವರು ನಮ್ಮ ಎದುರಿಗೇ ಬ್ಯಾಟರಿ ಹಾಕಿದರು, ಚಿಲಕಕ್ಕೆ ಎಣ್ಣೆ ಬಿಟ್ಟರು. ಮಗಳು ಗುಂಡಿ ಒತ್ತಿ ಅಲಾರಂ ಸದ್ದು ಕೇಳಿಸಿಕೊಂಡ ಮೇಲೆ ಬೀಗದ ಕೈ ಕೊಟ್ಟೆವು.